ತುಕ್ಕು ಹಿಡಿದ ಬಿಡಿಭಾಗಗಳಿಗೆ ಸೋಡಾ ನೀರು, ಹನ್ನೆರಡು ವೋಲ್ಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ತಂದೆಯವರು ರಾಜಾಜಿನಗರದಲ್ಲಿ ಸಣ್ಣದೊಂದು ಲೇತ್ ವರ್ಕ್‌ಶಾಪ್ ನಡೆಸುತ್ತಿದ್ದರು. ಅದನ್ನು ಮುಚ್ಚಿದಾಗ ತಂದಿಟ್ಟ ಬೆಂಚ್ ವೈಸ್, ನಾಲ್ಕಾರು ಗೇರ್‌ಗಳು ಮತ್ತು ಸ್ಪ್ಯಾನರ್‌ಗಳು ಮೆಟ್ಟಿಲ ಕೆಳಗಿನ ಗೋಣಿಚೀಲದಲ್ಲಿ ವರ್ಷಗಟ್ಟಲೆ ಬಿದ್ದು ಕೆಂಪಗಾಗಿವೆ; ವೈಸಿನ ತಿರುಪಂತೂ ಅಲುಗುತ್ತಿಲ್ಲ. ಗುಜರಿಗೆ ಹಾಕಲು ಮನಸ್ಸು ಬರುತ್ತಿಲ್ಲ. ಸೋಡಾ ನೀರಿನಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದರೆ ತುಕ್ಕು ಬಿಡುತ್ತದೆಂದು ಸ್ನೇಹಿತರು ಹೇಳುತ್ತಾರೆ. ಮನೆಯಲ್ಲಿ ಇದನ್ನು ಮಾಡಬಹುದೇ? ಅಪಾಯವಿಲ್ಲವೇ?
– ಓದುಗರೊಬ್ಬರು, ಬಸವೇಶ್ವರನಗರ

ಉತ್ತರ: ಮಾಡಬಹುದು. ಮರಳುಕಾಗದದಿಂದ ಉಜ್ಜಿದರೆ ತುಕ್ಕಿನ ಜೊತೆಗೆ ಒಳ್ಳೆಯ ಲೋಹವೂ ಸವೆಯುತ್ತದೆ, ಆಮ್ಲದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಲೋಹವೇ ಕರಗುತ್ತದೆ. ಈ ವಿಧಾನದಲ್ಲಿ ತುಕ್ಕು ಮಾತ್ರ ಸಡಿಲವಾಗುವುದರಿಂದ ಇಡೀ ರಾತ್ರಿ ಬಿಟ್ಟರೂ ಕೆಳಗಿನ ಕಬ್ಬಿಣಕ್ಕೆ ಧಕ್ಕೆಯಿಲ್ಲ. ಆದರೆ ತುಕ್ಕು ಈಗಾಗಲೇ ತಿಂದುಹಾಕಿದ ಭಾಗ ಮರಳಿ ಬರುವುದಿಲ್ಲ. ಗೇರಿನ ಹಲ್ಲಿನ ಮೇಲೆ ಗುಂಡಿ ಬಿದ್ದಿದ್ದರೆ ಅದು ಮತ್ತಷ್ಟು ಸ್ಪಷ್ಟವಾಗಿ ಕಾಣುತ್ತದೆ, ಅಷ್ಟೇ.

ಬೇಕಾಗುವುದು ಒಂದು ಪ್ಲಾಸ್ಟಿಕ್ ಬಕೆಟ್, ವಾಷಿಂಗ್ ಸೋಡಾ, ಬಲಿ ಕೊಡಲು ಮಾಮೂಲಿ ಕಬ್ಬಿಣದ ಪಟ್ಟಿ ಅಥವಾ ಕಟ್ಟಡದ ಸರಳಿನ ತುಂಡು, ಮತ್ತು 12 ವೋಲ್ಟಿನ ನೇರ ವಿದ್ಯುತ್ತಿನ (ಡಿ.ಸಿ.) ಮೂಲ. ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸೋಡಾ ಸಾಕು. ಕೊಳವೆ ಬಾವಿಯ ಗಡಸು ನೀರಾದರೆ ಸೋಡಾ ಬಿದ್ದೊಡನೆ ಬೆಳ್ಳಗೆ ಕದಡುತ್ತದೆ. ಅದು ನೀರಿನಲ್ಲಿದ್ದ ಸುಣ್ಣದ ಅಂಶ, ಕೆಲಸಕ್ಕೆ ಅಡ್ಡಿಯಿಲ್ಲ. ಅಡುಗೆ ಸೋಡಾ ಮಾತ್ರ ಇದ್ದರೆ ಬಾಣಲೆಯಲ್ಲಿ ಚೆನ್ನಾಗಿ ಹುರಿಯಿರಿ, ಬಿಸಿಗೆ ಅದು ವಾಷಿಂಗ್ ಸೋಡಾ ಆಗುತ್ತದೆ. ವಿದ್ಯುತ್ತಿಗೆ ಹಳೆಯ ಮಾದರಿಯ ಕಾರ್ ಬ್ಯಾಟರಿ ಚಾರ್ಜರ್ ಒಳ್ಳೆಯದು. ಹೊಸ ಸ್ಮಾರ್ಟ್ ಚಾರ್ಜರ್‌ಗಳಲ್ಲಿ ಹಲವು, ಎದುರಿಗೆ ಬ್ಯಾಟರಿ ಕಾಣದಿದ್ದರೆ ಶುರುವಾಗುವುದೇ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲ್‌ಇಡಿ ದೀಪದ ಪಟ್ಟಿಗಳಿಗೆಂದು ಮಾರುವ 12 ವೋಲ್ಟ್, 5 ಆಂಪಿಯರ್ ಅಡಾಪ್ಟರಿನಿಂದಲೂ ಕೆಲಸ ನಡೆಯುತ್ತದೆ. ಗೋಡೆಯ ಪ್ಲಗ್ಗಿನಿಂದ ನೇರವಾಗಿ ತಂತಿ ಎಳೆಯುವ ಯೋಚನೆಯನ್ನು ಮಾತ್ರ ಮಾಡಬೇಡಿ.

ಮೊದಲು ಸೀಮೆಎಣ್ಣೆ ಅಥವಾ ಡೀಸೆಲ್‌ನಿಂದ ಹಳೆಯ ಗ್ರೀಸನ್ನು ತೊಳೆದು, ಬಳಿಕ ಸೋಪಿನ ನೀರಿನಲ್ಲಿ ಜಿಡ್ಡು ಪೂರ್ತಿ ಹೋಗುವಂತೆ ತಿಕ್ಕಿ, ತಂತಿ ಕಚ್ಚುವ ಜಾಗದಲ್ಲಿ ಒಂದಿಷ್ಟು ಲೋಹ ಹೊಳೆಯುವವರೆಗೆ ಕೆರೆಯಿರಿ. ಇನ್ನು ಇಡೀ ಕೆಲಸ ನಿಂತಿರುವುದು ತಂತಿಗಳ ಮೇಲೆ. ತುಕ್ಕು ಹಿಡಿದ ವಸ್ತು ಋಣ ತುದಿಗೆ, ಬಲಿಯ ಪಟ್ಟಿ ಧನ ತುದಿಗೆ. ನಾನು ಮೊದಲ ಸಲ ಮಾಡಿದಾಗ ಇದನ್ನು ಅದಲುಬದಲು ಮಾಡಿ ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಬಿಸಾಡಬೇಕಿದ್ದ ಪಟ್ಟಿ ಶುಭ್ರವಾಗಿತ್ತು, ಉಳಿಸಿಕೊಳ್ಳಬೇಕಿದ್ದ ಸ್ಪ್ಯಾನರಿನ ಬಾಯಿ ಗುಳಿ ಗುಳಿಯಾಗಿತ್ತು. ಪಟ್ಟಿಯೂ ವಸ್ತುವೂ ಒಂದಕ್ಕೊಂದು ತಾಗಬಾರದು, ಧನ ತುದಿಯ ಕ್ಲಿಪ್ ನೀರಿಗೆ ಮುಳುಗಬಾರದು, ಕ್ಲಿಪ್ ಹಾಕುವಾಗಲೂ ತೆಗೆಯುವಾಗಲೂ ಸ್ವಿಚ್ ಆರಿಸಿರಬೇಕು. ಎರಡರಿಂದ ನಾಲ್ಕು ಆಂಪಿಯರ್ ಹರಿದರೆ ಸಾಕು. ಜಾಸ್ತಿ ಹರಿಯುತ್ತಿದ್ದರೆ ಪಟ್ಟಿಯನ್ನು ದೂರ ಸರಿಸಿ.

ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿನಲ್ಲೇ ವಸ್ತುವಿನ ಮೈಯಿಂದ ಸಣ್ಣ ಗುಳ್ಳೆಗಳು ಸಾಲುಸಾಲಾಗಿ ಏಳುತ್ತವೆ, ಒಂದೆರಡು ತಾಸಿನಲ್ಲಿ ಮೇಲೆ ಕಂದು ನೊರೆ ಕಟ್ಟುತ್ತದೆ. ಆ ಗುಳ್ಳೆಗಳು ಜಲಜನಕ, ಬೆಂಕಿ ತಾಗಿದರೆ ಸಿಡಿಯುವ ಅನಿಲ. ನಮ್ಮೂರಿನ ಬಹಳಷ್ಟು ಮನೆಗಳಲ್ಲಿ ಇಂಥ ಕೆಲಸಕ್ಕೆ ಸಿಗುವ ಜಾಗ ಅಡುಗೆಮನೆಯ ಹಿಂದಿನ ಯುಟಿಲಿಟಿ, ಅಲ್ಲೇ ಗ್ಯಾಸ್ ಗೀಸರ್ ಕೂಡ ಇರುತ್ತದೆ. ಅಲ್ಲಿ ಬೇಡ, ತಾರಸಿಯ ಮೇಲೆ, ಮಳೆ ಬೀಳದ ಕಡೆ ಇಡಿ. ನಡುವೆ ಕರೆಂಟ್ ಹೋದರೆ ಗಾಬರಿಯಾಗಬೇಕಿಲ್ಲ, ಸೋಡಾ ನೀರಿನಲ್ಲಿ ಕಬ್ಬಿಣ ಅಷ್ಟು ಬೇಗ ತುಕ್ಕು ಹಿಡಿಯುವುದಿಲ್ಲ. ತುಕ್ಕು ಹೋಗುವುದು ಪಟ್ಟಿಗೆ ಎದುರಾದ ಮುಖದಲ್ಲಿ ಹೆಚ್ಚು, ಹಿಂಬದಿಯಲ್ಲಿ ಕಡಿಮೆ. ಆದ್ದರಿಂದ ನಡುವೆ ಒಮ್ಮೆ ತಿರುಗಿಸಿಡಿ, ಇಲ್ಲವೇ ಸುತ್ತಲೂ ಮೂರ್ನಾಲ್ಕು ಸರಳುಗಳನ್ನು ನಿಲ್ಲಿಸಿ ಎಲ್ಲವನ್ನೂ ಒಂದೇ ತಂತಿಗೆ ಸೇರಿಸಿ. ವೈಸಿನ ತಿರುಪಿನ ಒಳಗಿನ ಮರೆಗಳಿಗೆ ವಿದ್ಯುತ್ತು ಸರಿಯಾಗಿ ತಲುಪದ ಕಾರಣ, ಹೊರಗಿನ ತುಕ್ಕು ಹೋದ ಮೇಲೆ ಡೀಸೆಲ್ ಹನಿಸಿ ಎರಡು ದಿನ ಬಿಟ್ಟು, ಹಿಂದೆ ಮುಂದೆ ಅಲುಗಾಡಿಸುತ್ತಾ ಬಿಡಿಸಬೇಕಾದೀತು.

ಹೆಚ್ಚಿನವರು ಎಡವುವುದು ಬಕೆಟ್ಟಿನಿಂದ ಹೊರತೆಗೆದ ಮೇಲೆ. ವಸ್ತು ಕಪ್ಪು ಮಸಿ ಬಳಿದಂತೆ ಬರುತ್ತದೆ. ಅದನ್ನು ಬ್ರಷ್‌ನಿಂದ ತಿಕ್ಕಿ ಬಿಸಿನೀರಿನಲ್ಲಿ ತೊಳೆದು, ಕೂಡಲೇ ಒರೆಸಿ, ಹೇರ್ ಡ್ರೈಯರ್‌ನಿಂದ ಪೂರ್ತಿ ಒಣಗಿಸಿ, ಮೈ ಬಿಸಿಯಿರುವಾಗಲೇ ಮಿಷನ್ ಎಣ್ಣೆ ಹಚ್ಚಬೇಕು. ಕಾಫಿ ಕುಡಿದು ಬರೋಣವೆಂದು ಒದ್ದೆಯಾಗಿಯೇ ಬಿಟ್ಟರೆ ಅಷ್ಟರಲ್ಲಿ ಕಿತ್ತಳೆ ಬಣ್ಣದ ಹೊಸ ತುಕ್ಕು ಮೂಡಿರುತ್ತದೆ. ಅಡುಗೆ ಎಣ್ಣೆ ಬೇಡ, ದಿನ ಕಳೆದಂತೆ ಅಂಟಾಗುತ್ತದೆ. ಉಳಿದ ದ್ರಾವಣವನ್ನು ಚೆಲ್ಲಬೇಕಿಲ್ಲ. ಖರ್ಚಾಗುವುದು ನೀರು ಮಾತ್ರ, ಸೋಡಾ ಅಲ್ಲ.

ಪ್ರಶ್ನೆ: ಬಲಿಯ ಪಟ್ಟಿಯ ಬದಲು ಹಳೆಯ ಸ್ಟೀಲ್ ತಟ್ಟೆಯನ್ನೂ ಸೋಡಾದ ಬದಲು ಉಪ್ಪನ್ನೂ ಬಳಸಬಹುದೇ?
– ಓದುಗರೊಬ್ಬರು, ಯಲಹಂಕ

ಉತ್ತರ: ಎರಡೂ ಬೇಡ. ತಟ್ಟೆ ಬೇಗ ಸವೆಯುವುದಿಲ್ಲವೆಂಬ ಆಸೆಗೆ ಹಲವರು ಅದನ್ನೇ ಹಾಕುತ್ತಾರೆ, ಆದರೆ ಸ್ಟೇನ್‌ಲೆಸ್ ಸ್ಟೀಲಿನಲ್ಲಿರುವ ಕ್ರೋಮಿಯಂ ಧನ ತುದಿಯಲ್ಲಿ ಕರಗಿ, ಕ್ಯಾನ್ಸರ್ ತರಬಲ್ಲ ವಿಷದ ರೂಪದಲ್ಲಿ ನೀರಿಗೆ ಸೇರುತ್ತದೆ. ನೀರು ಹಳದಿಗೆ ತಿರುಗಿದ ಮೇಲೆ ಅದನ್ನು ಚರಂಡಿಗೂ ಚೆಲ್ಲುವಂತಿಲ್ಲ. ಉಪ್ಪಿನಿಂದ ಕ್ಲೋರಿನ್ ಅನಿಲ ಹೊರಡುತ್ತದೆ. ಸತು ಲೇಪಿಸಿದ ಜಿ.ಐ. ಪೈಪೂ ಬೇಡ.

ಪ್ರಶ್ನೆ: ಅಜ್ಜಿಯ ಕಾಲದ ಕಾಲು ಹೊಲಿಗೆ ಯಂತ್ರವನ್ನು ಹೀಗೆಯೇ ಶುಚಿ ಮಾಡಬಹುದೇ?
– ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ಕೆಳಗಿನ ಬೀಡು ಕಬ್ಬಿಣದ ಪೆಡಲು, ಚಕ್ರ, ಕಾಲುಗಳಿಗೆ ಸರಿ, ಮತ್ತೆ ಬಣ್ಣ ಬಳಿಯಲು ನೀವು ಸಿದ್ಧರಿದ್ದರೆ. ಮೇಲಿನ ಕಪ್ಪು ಮೈಯನ್ನು ಮಾತ್ರ ಬಕೆಟ್ಟಿಗೆ ಇಳಿಸಬೇಡಿ. ಬಣ್ಣವೂ ಅದರ ಮೇಲಿನ ಚಿನ್ನದ ಬಳ್ಳಿಯ ಚಿತ್ತಾರವೂ ಒಂದೇ ರಾತ್ರಿಯಲ್ಲಿ ಸುಲಿದು ಬರುತ್ತವೆ. ಅದಕ್ಕೆ ಹತ್ತಿಬಟ್ಟೆ, ಮಿಷನ್ ಎಣ್ಣೆ ಮತ್ತು ತಾಳ್ಮೆಯೇ ಸಾಕು. ಅಲ್ಯುಮಿನಿಯಂ ಭಾಗಗಳನ್ನು ಸೋಡಾ ತಿನ್ನುತ್ತದೆ. ಸೂಜಿ, ಸ್ಪ್ರಿಂಗ್‌ಗಳಂಥ ಹದ ಮಾಡಿದ ಉಕ್ಕು ಜಲಜನಕವನ್ನು ಹೀರಿಕೊಂಡು ಪೆಡಸಾಗಿ ಪಟಕ್ಕನೆ ಮುರಿಯಬಹುದು. ಅವುಗಳನ್ನು ಹೊಸದಾಗಿ ಕೊಳ್ಳುವುದೇ ಅಗ್ಗ.