ಮೇಳದಲ್ಲಿ ನಿಂತ ಹುಡುಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಹೂಮಳೆ ಬಿದ್ದು ತೋಟಗಳೆಲ್ಲ ಕಾಫಿ ಹೂವಿನಿಂದ ಬೆಳ್ಳಗಾಗಿದ್ದ ಏಪ್ರಿಲ್ ಅದು. ಸೋಮವಾರಪೇಟೆ ಕಡೆಯ ತಾಯಿಯೊಬ್ಬರು 10 ವರ್ಷದ ಮಗನನ್ನು ನನ್ನ ಬಳಿ ಕರೆತಂದರು. ತಂದೆ ಎಸ್ಟೇಟಿನಲ್ಲಿ ರೈಟರ್, ಅಂದರೆ ಗುಮಾಸ್ತ. ಹುಡುಗನಿಗೆ ಉಗ್ಗು. ಹಿಂದಿನ ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ಸ್ವಾಗತ ಹೇಳಲು ನಿಂತವನು ‘ಮಾನ್ಯ’ ಎಂಬಲ್ಲೇ ಸಿಕ್ಕಿಕೊಂಡ. ಮುಂದಿನ ಸಾಲಿನಲ್ಲಿ ಕೂತವರು ನಕ್ಕರು. ಅಂದಿನಿಂದ ಹಾಜರಿ ಕೂಗಿದರೂ ಕೈ ಎತ್ತುತ್ತಾನೆ, ಬಾಯಿ ತೆರೆಯುವುದಿಲ್ಲ.

“ಮೇಡಂ, ಮಡಿಕೇರೀಲಿ ಬೇಸಿಗೆ ಶಿಬಿರ ಇದೆ, ಹಾಡು ನಾಟಕ ಕಲಿಸ್ತಾರಂತೆ. ಸೇರಿಸಿದ್ರೆ ಧೈರ್ಯ ಬರುತ್ತಾ? ಇವರಪ್ಪ ಬೇಡ ಅಂತಾರೆ, ಮತ್ತೆ ಅವಮಾನ ಆದ್ರೆ ಅಂತ.”

ಅಪ್ಪನ ಭಯವನ್ನು ತಳ್ಳಿಹಾಕುವಂತಿರಲಿಲ್ಲ. ಮನೆಯಲ್ಲಿ ಹಾಡುತ್ತಾನಾ ಎಂದು ಕೇಳಿದೆ. ಬಚ್ಚಲುಮನೆಯಲ್ಲಿ ಹಾಡುತ್ತಾನೆ, ಆಗ ಒಂದಕ್ಷರವೂ ತಡೆಯುವುದಿಲ್ಲ ಎಂದರು. ಹುಡುಗ ನೆಲ ನೋಡುತ್ತ ಸಣ್ಣಗೆ ನಕ್ಕ.

ಉಗ್ಗುವ ಬಹಳ ಮಕ್ಕಳಲ್ಲಿ ಇದನ್ನು ಕಾಣುತ್ತೇವೆ. ಹಾಡುವಾಗ ಸ್ವರ ಎಳೆಯುತ್ತೇವೆ, ಮುಂದಿನ ಅಕ್ಷರ ಯಾವಾಗ ಬರಬೇಕೆಂದು ತಾಳ ಹೇಳುತ್ತದೆ, ಪದ ಹುಡುಕುವ ಕೆಲಸವಿಲ್ಲ. ಹಲವರ ಜೊತೆ ಒಟ್ಟಿಗೆ ಹೇಳುವಾಗಲೂ ಉಗ್ಗು ತಗ್ಗುತ್ತದೆ. ಆದರೆ ಆ ಸರಾಗ ಮಾತಿಗೆ ತಾನಾಗಿ ಇಳಿಯುವುದಿಲ್ಲ. ಶಿಬಿರ ಮುಗಿದ ದಿನ ಉಗ್ಗು ಹೋಗಿರಬೇಕೆಂದು ಮನೆಯವರು ಕಾದು ಕೂತರೆ ಮಗು ಇನ್ನೊಮ್ಮೆ ಸೋಲುತ್ತದೆ. ಇದನ್ನು ತಾಯಿಗೆ ಬಿಡಿಸಿ ಹೇಳಿದೆ. ಉಗ್ಗಿನ ಚಿಕಿತ್ಸೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಚೀಟಿ ಬರೆದುಕೊಟ್ಟೆ. ಜನರ ನಡುವೆ ತನ್ನ ದನಿ ತಾನೇ ಕೇಳಿಸಿಕೊಳ್ಳುವ ಹೆದರಿಕೆ ಸಡಿಲಾಗಲಿ ಎಂದು ಶಿಬಿರ.

ಹುಡುಗನ ಒಪ್ಪಿಗೆ ಪಡೆದು ಶಿಬಿರದ ಮೇಷ್ಟ್ರಿಗೆ ಫೋನು ಮಾಡಿದೆ. ಇವನನ್ನು ಮೇಳದಲ್ಲಿ, ಅಂದರೆ ನಾಟಕಕ್ಕೆ ಒಟ್ಟಾಗಿ ಹಾಡುವ ಗುಂಪಿನಲ್ಲಿ, ನಿಲ್ಲಿಸಿ, ಕೈಗೊಂದು ದಮ್ಮಡಿ (ಪುಟ್ಟ ಚರ್ಮವಾದ್ಯ) ಕೊಡಿ. ಒಬ್ಬನೇ ಹೇಳುವ ಮಾತು ಅವನಾಗಿ ಕೇಳಿದರೆ ಮಾತ್ರ. ತಡೆದರೆ ಪದ ತುಂಬಬೇಡಿ, ‘ನಿಧಾನ’ ಎನ್ನಲೂಬೇಡಿ, ಸುಮ್ಮನೆ ಕಾಯಿರಿ. “ಹಿಂದೆ ನಿಲ್ಸೋಕಾ ಕಳಿಸೋದು?” ಎಂದು ಅಪ್ಪ ಬೇಸರಪಟ್ಟರು. ರಂಗನಿರ್ದೇಶಕ ಬಿ.ವಿ. ಕಾರಂತರ ರಂಗಸಂಗೀತದಲ್ಲಿ ಮೇಳಕ್ಕಿದ್ದ ಜಾಗ ಎಷ್ಟು ದೊಡ್ಡದೆಂದು ಅವರಿಗೆ ಹೇಳಿದೆ. ಮೇಳದಲ್ಲಿ ನಿಂತವರು ಹಿಂದೆ ಬಿದ್ದವರಲ್ಲ. ಇದನ್ನು ನಾನು ಮನಸಾರೆ ನಂಬುತ್ತೇನೆ.

ಮೂರನೇ ವಾರ ಅವನೇ ಒಂದು ಮಾತು ಕೇಳಿ ಪಡೆದ: “ಮಳೆ ಬಂತು, ಓಡಿ!” ಮತ್ತೆ ಅದೇ ‘ಮ’. ಪ್ರದರ್ಶನದ ದಿನ ಅದು ತಡೆಯಿತು. ಮೇಳದ ಮಕ್ಕಳು ತಾಳ ಬಿಡದೆ ಇನ್ನೊಂದು ಸುತ್ತು ಚಪ್ಪಾಳೆ ತಟ್ಟಿದರು, ಅದರೊಳಗೆ ಅವನು ಹೇಳಿ ಮುಗಿಸಿದ. ತಡೆದದ್ದು ಗೊತ್ತಾಗದವರು ಯಾರೂ ಇರಲಿಲ್ಲ. ಆದರೂ ಅವನು ರಂಗದ ಮೇಲೇ ಉಳಿದ. ನನಗೆ ಬೇಕಿದ್ದದ್ದು ಅಷ್ಟೇ.

ಆ ವಿಡಿಯೋ ನೆಂಟರಿಗೆಲ್ಲ ಕಳಿಸುವ ಮುಂಚೆ ಅವನನ್ನು ಕೇಳಿ ಎಂದು ಮನೆಯವರಿಗೆ ಹೇಳಿದ್ದೇನೆ. ಅವನು ಬೇಡ ಎಂದ, ಕಳಿಸಲಿಲ್ಲ. ಶಾಲೆ ಶುರುವಾದ ಮೇಲೆ ಹಾಜರಿಗೆ ಕೆಲವು ದಿನ “ಎಸ್ ಮಿಸ್” ಎನ್ನುತ್ತಾನೆ, ಕೆಲವು ದಿನ ಕೈ ಎತ್ತುತ್ತಾನೆ. ಎರಡನ್ನೂ ಒಪ್ಪಿಕೊಳ್ಳಿ ಎಂದು ಟೀಚರಿಗೆ ಪತ್ರ ಬರೆದಿದ್ದೇನೆ. ಮುಂದಿನ ಭೇಟಿ ಆಗಸ್ಟ್‌ನಲ್ಲಿ.