ಪವಿತ್ರಾತ್ಮ ದೂಷಣೆಗೆ ಕ್ಷಮೆಯೇ ಇಲ್ಲವೇ?

ತಾಯಿ ತೀರಿಕೊಂಡ ಸಂಕಟದಲ್ಲಿ ಪವಿತ್ರಾತ್ಮನನ್ನು, ಅಂದರೆ ದೇವರ ಆತ್ಮನನ್ನು, ಬೈದುಬಿಟ್ಟೆ, ಇನ್ನು ನನಗೆ ಕ್ಷಮೆಯಿಲ್ಲವೇ ಎಂದು ಬಳ್ಳಾರಿಯಿಂದ ಕೇಳಿದ್ದೀರಿ. ಇದೆ. ಖಂಡಿತ ಇದೆ.

ನಿಮ್ಮನ್ನು ಹೆದರಿಸಿರುವುದು, ಪವಿತ್ರಾತ್ಮನನ್ನು ದೂಷಿಸಿದವನಿಗೆ ಎಂದಿಗೂ ಕ್ಷಮೆಯಿಲ್ಲ ಎನ್ನುವ ಮಾರ್ಕನ ಸುವಾರ್ತೆಯ 3ನೇ ಅಧ್ಯಾಯದ 29ನೇ ವಚನ. ದಯವಿಟ್ಟು ಅದೊಂದನ್ನೇ ಕಿತ್ತು ಓದಬೇಡಿ. ಅದರ ಹಿಂದಿನ ವಚನದಲ್ಲೇ ಯೇಸುಸ್ವಾಮಿ, ಮನುಷ್ಯರ ಎಲ್ಲ ಪಾಪಗಳಿಗೂ ದೂಷಣೆಗಳಿಗೂ ಕ್ಷಮೆಯುಂಟು ಎನ್ನುತ್ತಾರೆ. ಮುಂದಿನ ವಚನ ಆ ಕಠಿಣ ಮಾತಿನ ಕಾರಣವನ್ನೂ ಹೇಳುತ್ತದೆ: ಯೇಸುಸ್ವಾಮಿಗೆ ದೆವ್ವ ಹಿಡಿದಿದೆ ಎಂದು ಯೆರೂಸಲೇಮಿನ ಶಾಸ್ತ್ರಿಗಳು, ಅಂದರೆ ಯೆಹೂದಿ ಧರ್ಮಶಾಸ್ತ್ರದ ಬೋಧಕರು, ಆರೋಪಿಸಿದ್ದರು. ಕಣ್ಣೆದುರಿನ ಒಳಿತನ್ನು ದೆವ್ವಗಳ ಒಡೆಯ ಬೆಲ್ಜೆಬೂಲನ ಕೆಲಸವೆಂದು ಹಟ ಹಿಡಿದವರು ಅವರು. ದುಃಖದಲ್ಲಿ ಬಾಯಿತಪ್ಪಿ ಬಂದ ಮಾತಿಗೂ ಆ ಹಟಕ್ಕೂ ಅಜಗಜಾಂತರ.

ಸಾಯುವವರೆಗೂ ಪಶ್ಚಾತ್ತಾಪಪಡದೆ ಉಳಿಯುವುದೇ ಈ ಪಾಪ ಎಂದು ಪ್ರಾಚೀನ ಸಭೆಯ ಗುರು ಸಂತ ಅಗಸ್ಟೀನರು ವಿವರಿಸಿದ್ದಾರೆ. ದೇವರ ಕರುಣೆಗೆ ಮಿತಿಯಿಲ್ಲ, ಅದನ್ನು ಬೇಕೆಂದೇ ತಳ್ಳಿದವನು ಕ್ಷಮೆಯನ್ನೂ ತಳ್ಳುತ್ತಾನೆ ಎಂಬುದು ಕಥೋಲಿಕ ಸಭೆಯ ಬೋಧನೆ. ತುಂಗಭದ್ರಾ ಕಾಲುವೆ ತುಂಬಿ ಹರಿದರೂ ತನ್ನ ಹೊಲದ ತೂಬನ್ನು ತಾನೇ ಮುಚ್ಚಿಕೊಂಡರೆ ಬೆಳೆ ಒಣಗುತ್ತದಲ್ಲವೇ?

ಯೇಸುವಿನ ಶಿಷ್ಯ ಪೇತ್ರನು ಆಣೆಯಿಟ್ಟು ಯೇಸುವನ್ನು ಅರಿಯೆನೆಂದ. ಯೇಸುವಿನ ಕುರಿಗಳನ್ನು, ಅಂದರೆ ವಿಶ್ವಾಸಿಗಳನ್ನು, ಮೇಯಿಸುವ ಹೊಣೆ ಸಿಕ್ಕಿದ್ದು ಅವನಿಗೇ. ಅಪೊಸ್ತಲ ಪೌಲನೂ ಮೊದಲು ದೂಷಕನಾಗಿದ್ದವನೇ, ತನ್ನ ಜೊತೆಗಾರ ತಿಮೊಥೆಯನಿಗೆ ಹಾಗೆಂದು ತಾನೇ ಬರೆದಿದ್ದಾನೆ.

ರಾತ್ರಿ ನಿದ್ದೆ ಹತ್ತುತ್ತಿಲ್ಲ ಎಂದಿದ್ದೀರಿ. ಕಲ್ಲಾದ ಹೃದಯಕ್ಕೆ ಆ ನೋವು ಇರುವುದಿಲ್ಲ. ಈ ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರ್ ಬಳಿ ಕುಳಿತು, ಕಥೋಲಿಕರಾದರೆ ಗುರುಗಳ ಮುಂದೆ ಮಾಡುವ ಪಾಪನಿವೇದನೆಯಲ್ಲಿ, ಎಲ್ಲವನ್ನೂ ಹೇಳಿಕೊಳ್ಳಿ, ತಾಯಿಯ ಬಗ್ಗೆಯೂ.