ಹೊಸಬರು ಗೆದ್ದು ಬಂದರೆ ಸಂಸತ್ತಿನ ಸ್ತ್ರೀವಾದಿ ನಿಲುವು ಬದಲಾಗುತ್ತದೆಯೇ?

ಬದಲಾಗುತ್ತದೆ. ಹಳಬರ ಮನಸ್ಸು ಕರಗುವುದಕ್ಕಿಂತ ಹೆಚ್ಚಾಗಿ, ಅವರ ಜಾಗಕ್ಕೆ ಬೇರೆ ಅನುಭವದವರು ಬಂದು ಕೂರುವುದರಿಂದ. ಆದರೆ ಅದನ್ನು ಮತದಾನದಲ್ಲಿ ಹುಡುಕಬೇಡಿ. 1985ರಿಂದ ಪಕ್ಷಾಂತರ ನಿಷೇಧವಿದೆ, ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ (ವಿಪ್) ಮೀರಿದರೆ ಸದಸ್ಯತ್ವವೇ ಹೋದೀತು. ಪ್ರಶ್ನೋತ್ತರ, ಸಚಿವರಲ್ಲದ ಸದಸ್ಯರು ತರುವ ಖಾಸಗಿ ಮಸೂದೆ, ಸ್ಥಾಯಿ ಸಮಿತಿಗಳನ್ನು ನೋಡಿ.

ಕಾರವಾರದ ಬಂದರನ್ನೇ ತೆಗೆದುಕೊಳ್ಳಿ. ಒಬ್ಬ ಸಂಸದರು ಜೆಟ್ಟಿಯ ಉದ್ದ, ಡೀಸೆಲ್ ಸಬ್ಸಿಡಿ ಕೇಳಬಹುದು. ಇನ್ನೊಬ್ಬರು ಮೀನಿನ ಬುಟ್ಟಿ ಮುಂದಿಟ್ಟು ಬಿಸಿಲಲ್ಲಿ ಕೂತ ಹೆಂಗಸರಿಗೆ ನೆರಳು, ಶೌಚಾಲಯ, ಸಾಲ ಎಲ್ಲಿ ಎಂದು ಕೇಳಬಹುದು. ಬಂದರು ಒಂದೇ, ಆದರೆ ಎರಡನೆಯ ಪ್ರಶ್ನೆ ದಾಖಲೆಗೆ ಬಂದರೆ ಇಲಾಖೆ ಅದಕ್ಕೆ ಉತ್ತರ ಕೊಡಲೇಬೇಕು.

ಸಂಖ್ಯೆಯೂ ಬೇಕು, ಕಾಲವೂ ಬೇಕು. ಬ್ರಿಟನ್‌ನ ಕೆಳಮನೆಯಲ್ಲಿ 1997ರಲ್ಲಿ ಮಹಿಳೆಯರು 60ರಿಂದ 120ಕ್ಕೆ ಏರಿದರು, ಸಂಸತ್ತಿನ ಶಿಶುಪಾಲನಾ ಕೇಂದ್ರ ತೆರೆದದ್ದು 2010ರಲ್ಲಿ. ನಮ್ಮ ಲೋಕಸಭೆಯಲ್ಲಿ 2019ಕ್ಕೆ 78 ಇದ್ದವರು 2024ಕ್ಕೆ 74ಕ್ಕೆ ಇಳಿದರು. ಒಂದೇ ಅವಧಿಯ ನಂತರ ಟಿಕೆಟ್ ತಪ್ಪಿದರೆ ಕಲಿತದ್ದೆಲ್ಲ ಅವರ ಜೊತೆಗೇ ಮನೆಗೆ ಹೋಗುತ್ತದೆ. ನನಗೆ ಇದೇ ದೊಡ್ಡ ನಷ್ಟವಾಗಿ ಕಾಣುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆ 1999ರಲ್ಲಿ ಮಾರ್ಗರೆಟ್ ಆಳ್ವ ಅವರನ್ನು ಲೋಕಸಭೆಗೆ ಕಳಿಸಿತ್ತು. ಪಂಚಾಯತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗಿದೆ, ಶಿರಸಿಯಲ್ಲೂ ಅಂಕೋಲೆಯಲ್ಲೂ ಅನುಭವಸ್ಥರಿಗೆ ಕೊರತೆಯಿಲ್ಲ. ಲೋಕಸಭೆ, ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಸ್ಥಾನ ಮೀಸಲಿಡುವ 2023ರ ಸಂವಿಧಾನ ತಿದ್ದುಪಡಿ ಜನಗಣತಿ, ಕ್ಷೇತ್ರ ಮರುವಿಂಗಡಣೆಗೆ ಗಂಟುಹಾಕಿಕೊಂಡೇ ಬಂದದ್ದು. ಅದು ಜಾರಿಯಾಗದ ಚುನಾವಣೆಗಳಲ್ಲಿ ಪಂಚಾಯತಿಯಿಂದ ಮೇಲೇರುವ ಮೆಟ್ಟಿಲು ಪಕ್ಷದ ಟಿಕೆಟ್ ಮಾತ್ರ.